ಮೇಲೆ ಮಣ್ಣು ಹಾಕಿ ಮುಚ್ಚಿದ್ರೆ ಆಗಲ್ವಾ?

ಪ್ರಶ್ನೆ: ಮಗ ಅಮೆರಿಕದ ಫೀನಿಕ್ಸ್‌ನಲ್ಲಿದಾನೆ, ಮಾನ್ಯುಮೆಂಟ್ ವ್ಯಾಲಿಗೆ ಕರ್ಕೊಂಡ್ ಹೋಗಿದ್ದ. ಅಲ್ಲಿನ ಮೂಲನಿವಾಸಿಗಳಾದ ನವಾಹೋ ಜನರ ನೆಲದಲ್ಲಿ ಹಳೇ ಯುರೇನಿಯಂ ಗಣಿಗಳ ಕಸ ಇನ್ನೂ ಬಿದ್ದಿದ್ಯಂತೆ. ಇಷ್ಟು ವರ್ಷ ಆದ್ರೂ ಯಾಕೆ ತೆಗ್ದಿಲ್ಲ, ಮೇಲೆ ಮಣ್ಣು ಹಾಕಿ ಮುಚ್ಚಿದ್ರೆ ಆಗಲ್ವಾ? ಮೊಮ್ಮಗ ಅಲ್ಲಿಂದ ಒಂದು ಹಳದಿ ಕಲ್ಲು ಎತ್ಕೊಂಡ್ ಬಂದಿದಾನೆ, ಭಯ ಆಗ್ತಿದೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದ್ಲು ಕಲ್ಲಿನ ವಿಷಯ. ಕಬ್ಬಿಣದ ಅಂಶ ಇದ್ರೂ ಮರಳುಗಲ್ಲು ಹಳದಿ ಆಗತ್ತೆ, ಹಾಗಾಗಿ ಬಣ್ಣ ನೋಡಿ ಏನೂ ಹೇಳೋಕಾಗಲ್ಲ, ರೇಡಿಯೇಷನ್ ಮೀಟರ್ ಇಟ್ಟೇ ನೋಡ್ಬೇಕು. ಅಲ್ಲೀವರೆಗೆ ಮಗು ಕೈಗೆ ಕೊಡ್ಬೇಡಿ, ಮನೆ ಒಳಗೂ ಇಡ್ಬೇಡಿ.

ಯಾಕಿಷ್ಟು ಹೇಳ್ತೀನಿ ಅಂದ್ರೆ ಅಲ್ಲಿನ ಜನಕ್ಕೆ ಯಾರೂ ಇಷ್ಟೂ ಹೇಳ್ಲಿಲ್ಲ. 1944ರಿಂದ 1986ರವರೆಗೆ ಆ ನೆಲದಿಂದ ಸುಮಾರು 3 ಕೋಟಿ ಟನ್ ಅದಿರು ತೆಗೆದ್ರು, ಮೊದಮೊದ್ಲು ಕೊಳ್ತಿದ್ದಿದ್ದು ಅಣುಬಾಂಬಿಗೋಸ್ಕರ ಅಮೆರಿಕ ಸರ್ಕಾರವೇ. ಗಣಿ ಕೆಲಸದವ್ರು ಧೂಳು ಮೆತ್ತಿದ ಬಟ್ಟೇಲೇ ಮನೆಗೆ ಬರೋರು, ಅದನ್ನ ಮಕ್ಕಳ ಬಟ್ಟೆ ಜೊತೆಗೇ ಒಗೆಯೋರು. ಗಣಿ ಪಕ್ಕ ಚಪ್ಪಟೆ ಕಲ್ಲು ಪುಕ್ಕಟೆ ಬಿದ್ದಿರ್ತಿತ್ತಲ್ಲ, ಅದನ್ನೇ ತಂದು ಗೋಡೆ, ನೆಲ ಹಾಕ್ಕೊಂಡ್ರು, ಆಮೇಲೆ ಎಷ್ಟೋ ವರ್ಷ ಅದೇ ನೆಲದ ಮೇಲೆ ಮಕ್ಕಳನ್ನ ಮಲಗಿಸಿದ್ರು. ಅಂಥ ಹಲವು ಮನೆಗಳನ್ನ ಸರ್ಕಾರವೇ ಕೆಡವಬೇಕಾಯ್ತು. ನವಾಹೋ ಭಾಷೇಲಿ ಯುರೇನಿಯಂಗೆ ‘ಲೀಟ್ಸೋ’ ಅಂತಾರೆ, ಹಳದಿ ಮಣ್ಣು ಅಂತ.

ಇನ್ನು ಮುಚ್ಚೋ ಮಾತು. ಕಸದಲ್ಲಿರೋ ರೇಡಿಯಂ ಅನ್ನೋ ವಿಕಿರಣ ವಸ್ತು ಅರ್ಧ ಕರಗೋಕೇ 1600 ವರ್ಷ ಬೇಕು, ಅದು ಕರಗ್ತಾ ರೇಡಾನ್ ಅನ್ನೋ ವಿಕಿರಣದ ಗ್ಯಾಸ್ ಬಿಡತ್ತೆ, ಅದು ಶ್ವಾಸಕೋಶಕ್ಕೆ ಹೋಗ್ತಾ ಇದ್ರೆ ಕ್ಯಾನ್ಸರ್ ಬರಬಹುದು. ಜೇಡಿಮಣ್ಣು, ಬಂಡೆ ಹಾಕಿ ಸರಿಯಾಗಿ ಮುಚ್ಚಿದ್ರೆ ತಡೆಯತ್ತೆ ನಿಜ, ಆದ್ರೆ ಮಳೆಗೆ ಕೊಚ್ಚದ ಹಾಗೆ ತಲೆತಲಾಂತರ ಕಾಯೋರ್ಯಾರು? 1979ರ ಜುಲೈ 16ಕ್ಕೆ ನ್ಯೂ ಮೆಕ್ಸಿಕೋದ ಚರ್ಚ್ ರಾಕ್‌ನಲ್ಲಿ, ಅದಿರು ಅರೆದು ಯುರೇನಿಯಂ ತೆಗೆಯೋ ಮಿಲ್ಲಿನ ಕಸದ ಕೊಳದ ಕಟ್ಟೆ ಒಡೆದು ಸುಮಾರು 35 ಕೋಟಿ ಲೀಟರ್ ವಿಷದ ನೀರು, 1100 ಟನ್ ಕೆಸರು ಪುಎರ್ಕೋ ನದಿಗೆ ಹೋಯ್ತು, ಕುರಿ ಮೇಯಿಸೋರಿಗೆ ಅದೇ ನದಿ ಆಧಾರ. ಇಂಥದ್ದನ್ನ ಕಂಡ ಜನ ‘ಮನೆ ಹತ್ರ ಮುಚ್ಚಿ ಬಿಡ್ತೀವಿ’ ಅಂದ್ರೆ ಹೇಗೆ ಒಪ್ತಾರೆ ಹೇಳಿ, ನನಗಂತೂ ಅವರು ಕೇಳ್ತಿರೋದು ನ್ಯಾಯ ಅನ್ಸತ್ತೆ, ನಮ್ಮ ನೆಲದಿಂದ ಆಚೆ ಸಾಗಿಸಿ ಅಂತ.

ತಡ ಆಗ್ತಿರೋದೂ ಅಲ್ಲೇ. ಸಾಗಿಸೋದೆಲ್ಲಿಗೆ, ದುಡ್ಡು ಯಾರದು? ಚರ್ಚ್ ರಾಕ್‌ನ ಒಂದು ಗಣಿದೇ ಸುಮಾರು 10 ಲಕ್ಷ ಘನ ಗಜ, ಅಂದ್ರೆ ಸುಮಾರು 7.6 ಲಕ್ಷ ಘನ ಮೀಟರ್ ಕಸ, 10 ಘನ ಮೀಟರ್ ಹಿಡಿಯೋ ಟಿಪ್ಪರ್ ಆದ್ರೆ ಸುಮಾರು 76 ಸಾವಿರ ಟ್ರಿಪ್. ಪಾಳುಬಿದ್ದ ಗಣಿ 500ಕ್ಕೂ ಹೆಚ್ಚಿವೆ, ಎಷ್ಟೋ ಕಂಪನಿಗಳು ಈಗ ಇಲ್ವೇ ಇಲ್ಲ. ಕೆರ್-ಮೆಗೀ ಅನ್ನೋ ಗಣಿ ಕಂಪನಿಯ ಕೇಸಲ್ಲಿ 2014ರ ರಾಜಿಯಿಂದ ಸುಮಾರು 100 ಕೋಟಿ ಡಾಲರ್ ಸಿಕ್ತು, ಅದು ಸುಮಾರು 50 ಗಣಿಗಳಿಗೆ ಮಾತ್ರ. 2005ರಲ್ಲೇ ನವಾಹೋ ಸರ್ಕಾರ ತನ್ನ ನೆಲದಲ್ಲಿ ಯುರೇನಿಯಂ ಗಣಿ ಬೇಡ ಅಂತ ಕಾನೂನು ಮಾಡ್ತು, ಹಳೇ ಕಸ ಮಾತ್ರ ಬಹುಪಾಲು ಹಾಗೇ ಇದೆ.

ಮಗನಿಗೂ ಹೇಳಿ, ಮತ್ತೆ ಆ ಕಡೆ ಹೋದ್ರೆ ಬೇಲಿ ದಾಟೋದು ಬೇಡ, ಕಲ್ಲು ಆರಿಸೋದೂ ಬೇಡ.