ಬೆಳಗಿನ ಮೋಸಂಬಿ ರಸ ಮಧ್ಯಾಹ್ನ ರಕ್ತಕ್ಕೆ

ಪ್ರಶ್ನೆ: ಉಣಕಲ್ ಕೆರೆ ಹತ್ತಿರ ವಾಕಿಂಗ್ ಮುಗಿಸಿ ಮೋಸಂಬಿ ರಸ ಕುಡಿಯುತ್ತೇನೆ. ‘ಖಾಲಿ ಹೊಟ್ಟೆಗೆ ಕುಡಿದರೆ ಹತ್ತೇ ನಿಮಿಷದಲ್ಲಿ ಸತ್ವವೆಲ್ಲ ರಕ್ತ ಸೇರುತ್ತದೆ, ತಿಂದ ಮೇಲೆ ಕುಡಿದರೆ ವ್ಯರ್ಥ’ ಎನ್ನುತ್ತಾರೆ. ನಿಜವೇ?
– ಗೃಹಿಣಿ, ಹುಬ್ಬಳ್ಳಿ

ಸುಳ್ಳು, ಅಕ್ಕಾ. ಈ ಪ್ರಶ್ನೆ ಧಾರವಾಡದಿಂದಲೂ ಬರುತ್ತದೆ, ಗದಗದಿಂದಲೂ ಬರುತ್ತದೆ. ಉತ್ತರ ಬರೆದೂ ಬರೆದೂ ಬೇಸರ ಬಂದಿದೆ. ಹಾಗಾಗಿ ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

‘ಸತ್ವ’ ಅಂದರೆ ಒಂದೇ ವಸ್ತು ಅಲ್ಲ. ವಿಟಮಿನ್ ಸಿ ಸಣ್ಣ ಕರುಳಿನಲ್ಲೇ ರಕ್ತ ಸೇರುತ್ತದೆ. ಅದಕ್ಕೂ ಮಿತಿ ಇದೆ. ಒಂದೇ ಸಲ 1 ಗ್ರಾಂಗಿಂತ ಜಾಸ್ತಿ ನುಂಗಿದರೆ ಅರ್ಧದಷ್ಟೂ ಒಳಗೆ ಹೋಗುವುದಿಲ್ಲ.

ಮೋಸಂಬಿ, ಕಿತ್ತಳೆಯಲ್ಲಿರುವ ಹೆಸ್ಪೆರಿಡಿನ್ ಎಂಬ ಇನ್ನೊಂದು ಸತ್ವದ ಕಥೆಯೇ ಬೇರೆ. ಅದಕ್ಕೆ ಎರಡು ಸಕ್ಕರೆ ಜೋಡಿಯಾಗಿ ಅಂಟಿಕೊಂಡಿರುತ್ತವೆ. ಆ ಜೋಡಿ ಬಿಡಿಸುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಹೀಗಾಗಿ ಬಹುಪಾಲು ದೊಡ್ಡ ಕರುಳಿನ ತನಕ ಹಾಗೇ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಸಕ್ಕರೆ ಕಳಚುತ್ತವೆ. ಆಮೇಲೆ ಉಳಿದ ಭಾಗಕ್ಕೆ ಹೆಸ್ಪೆರೆಟಿನ್ ಎಂದು ಹೆಸರು, ಅದು ರಕ್ತಕ್ಕೆ ದಾಟುತ್ತದೆ. ರಕ್ತದಲ್ಲಿ ಅದು ಅತಿ ಹೆಚ್ಚು ಇರುವುದು ಕುಡಿದು ಸುಮಾರು 5ರಿಂದ 7 ತಾಸಿನ ಮೇಲೆ. ಬೆಳಿಗ್ಗೆ 7ಕ್ಕೆ ಕುಡಿದದ್ದು ನೀವು ಮಧ್ಯಾಹ್ನ ರೊಟ್ಟಿ ಉಣ್ಣುವ ಹೊತ್ತಿಗೆ! ಅಷ್ಟರಲ್ಲಿ ತಿಂಡಿ, ಚಹಾ ಎಲ್ಲ ಆಗಿರುತ್ತದೆ ಅಲ್ವಾ? ಮತ್ತೆ ಖಾಲಿ ಹೊಟ್ಟೆಯ ಮಾತು ಎಲ್ಲಿ ಉಳಿಯಿತು?

ಒಳಗೆ ಹೋದದ್ದೂ ಹಾಗೇ ಉಳಿಯುವುದಿಲ್ಲ. ಕರುಳಿನ ಗೋಡೆ ಮತ್ತು ಲಿವರ್ ಅದರ ರೂಪ ಬದಲಿಸಿ ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ಕರುಳಿನ ಬ್ಯಾಕ್ಟೀರಿಯಾ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಒಂದೇ ರಸ ಕುಡಿದರೂ ಒಬ್ಬರಿಗೆ ಜಾಸ್ತಿ ಸಿಗುತ್ತದೆ, ಇನ್ನೊಬ್ಬರಿಗೆ ಕಡಿಮೆ. ‘ಇಷ್ಟೇ ನಿಮಿಷಕ್ಕೆ’ ಎಂದು ಗ್ಯಾರಂಟಿ ಕೊಡುವವರು ಮೋಸ ಮಾಡುತ್ತಿದ್ದಾರೆ.

ಇನ್ನೊಂದು ಮಾತು. ಹೆಸ್ಪೆರಿಡಿನ್ ಜಾಸ್ತಿ ಇರುವುದು ಬಿಳಿ ನಾರಿನಲ್ಲಿ, ತೊಳೆಯ ಸಿಪ್ಪೆಯಲ್ಲಿ. ನೀವು ಸೋಸಿ ಚೆಲ್ಲುವುದು ಅದನ್ನೇ. ಹಣ್ಣನ್ನೇ ಬಿಡಿಸಿ ತಿನ್ನಿ, ನನಗೆ ಅದೇ ಸರಿ ಎನಿಸುತ್ತದೆ.

‘ತಿಂದ ಮೇಲೆ ವ್ಯರ್ಥ’ ಎಂಬುದಂತೂ ಪೂರ್ತಿ ತಲೆಕೆಳಗು. ಕಾಳು, ಸೊಪ್ಪಿನ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತಲು ವಿಟಮಿನ್ ಸಿ ಅದರ ಜೊತೆಗೇ ಹೊಟ್ಟೆಯಲ್ಲಿ ಇರಬೇಕು. ಮೆಂತ್ಯ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ. ಊಟ ಆದ ತಕ್ಷಣ ಚಹಾ ಮಾತ್ರ ಬೇಡ, ಅದು ಕಬ್ಬಿಣಾಂಶವನ್ನು ತಡೆಯುತ್ತದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಇದನ್ನು ದಯವಿಟ್ಟು ಪಾಲಿಸಿ.

ಪ್ರಶ್ನೆ: ನಿಂಬೆ ನೀರು ಬೊಜ್ಜು ಕರಗಿಸುತ್ತದೆಯೇ? – ಹಾವೇರಿ

ಇಲ್ಲ.

ಪ್ರಶ್ನೆ: ರಾತ್ರಿ ತಾಮ್ರದ ತಂಬಿಗೆಯಲ್ಲಿ ನಿಂಬೆ ನೀರು ಇಟ್ಟು ಬೆಳಿಗ್ಗೆ ಕುಡಿಯಬಹುದೇ? – ಗದಗ

ಬೇಡವೇ ಬೇಡ. ಹುಳಿಗೆ ತಾಮ್ರ ಬಿಡುತ್ತದೆ, ವಾಂತಿ ಆಗಬಹುದು.

ಪ್ರಶ್ನೆ: ಬಿಪಿ ಮಾತ್ರೆ ನುಂಗುತ್ತೇನೆ. ಚಕ್ಕೋತದ ರಸ ಕುಡಿಯಬಹುದೇ? – ನಿವೃತ್ತ ಶಿಕ್ಷಕರು, ಧಾರವಾಡ

ಸರ್, ಸದ್ಯಕ್ಕೆ ನಿಲ್ಲಿಸಿ. ಚಕ್ಕೋತದ ಹತ್ತಿರದ ನೆಂಟ ಗ್ರೇಪ್‌ಫ್ರೂಟ್. ಅದರ ರಸ ಕುಡಿದವರ ರಕ್ತದಲ್ಲಿ ಫೆಲೋಡಿಪಿನ್ ಎಂಬ ಬಿಪಿ ಮಾತ್ರೆಯ ಮಟ್ಟ ಏರುವುದು 1989ರಲ್ಲಿ ಕೆನಡಾದ ಸಂಶೋಧಕರಿಗೆ ಕಂಡುಬಂತು. ಇಂಥ ಮಾತ್ರೆಗಳನ್ನು ಒಡೆಯುವ ಕರುಳಿನ ಕಿಣ್ವವನ್ನು ಆ ರಸ ಕೆಡಿಸುತ್ತದೆ. ಆ ಗುಣದ ವಸ್ತುಗಳು ಚಕ್ಕೋತದಲ್ಲೂ ಇವೆ. ಹೊಸ ಕಿಣ್ವ ತಯಾರಾಗಲು ಒಂದೆರಡು ದಿನವಾದರೂ ಬೇಕು. ಬೆಳಿಗ್ಗೆ ರಸ, ರಾತ್ರಿ ಮಾತ್ರೆ ಎಂದು ಅಂತರ ಇಟ್ಟರೂ ಪ್ರಯೋಜನವಿಲ್ಲ. ಎಲ್ಲ ಬಿಪಿ ಮಾತ್ರೆಗೂ ಈ ತೊಂದರೆ ಇಲ್ಲ. ನಿಮ್ಮದು ಯಾವುದು ಎಂದು ಪತ್ರದಲ್ಲಿ ಬರೆದಿಲ್ಲ. ಮಾತ್ರೆಯ ಚೀಟಿ ಹಿಡಿದು ನಿಮ್ಮ ಡಾಕ್ಟರನ್ನು ಕೇಳಿ.