ಮಲೇಷ್ಯಾದ ಎರಡು ಕೋರ್ಟುಗಳ ನಡುವೆ ಸಿಕ್ಕಿಬೀಳುವ ಮನೆಗಳು

ಪ್ರಶ್ನೆ: ನಾನು ಮೈಸೂರಿನವಳು. ತಮ್ಮ ಕ್ವಾಲಾಲಂಪುರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಲ್ಲಿನ ಮಲಯ ಹುಡುಗಿಯನ್ನು ಮದುವೆಯಾಗಬೇಕು ಅಂತಿದ್ದಾನೆ. ‘ಪೇಪರ್‌ನಲ್ಲಿ ಮಾತ್ರ ಇಸ್ಲಾಂಗೆ ಸೇರ್ತೀನಿ, ಬೇಡ ಅನ್ನಿಸಿದರೆ ವಾಪಸ್ ಬರ್ತೀನಿ’ ಅನ್ನುತ್ತಾನೆ. ಅಮ್ಮ ಸರಿಯಾಗಿ ಊಟವನ್ನೇ ಮಾಡುತ್ತಿಲ್ಲ. ಅಷ್ಟು ಸುಲಭವಾ ಅದು?

ಉತ್ತರ: ಇಲ್ಲಮ್ಮ, ಸುಲಭವಲ್ಲ. ಸೇರುವುದು ಬೇಗ ಆಗಿಹೋಗುತ್ತದೆ. ಬಿಡುವುದಕ್ಕೆ ಷರಿಯಾ ಕೋರ್ಟಿನ ಒಪ್ಪಿಗೆ ಬೇಕು, ಅದು ಸಿಗುವುದು ಬಲು ಅಪರೂಪ.

ಮಲೇಷ್ಯಾದಲ್ಲಿ ಎರಡು ಬಗೆಯ ಕೋರ್ಟುಗಳಿವೆ. ಮಾಮೂಲಿ ಸಿವಿಲ್ ಕೋರ್ಟು ಎಲ್ಲರಿಗೂ. ಮುಸ್ಲಿಮರ ಮದುವೆ, ತಲಾಖ್, ಆಸ್ತಿ ಹಂಚಿಕೆ, ಕೆಲವು ಧಾರ್ಮಿಕ ತಪ್ಪುಗಳು ಷರಿಯಾ ಕೋರ್ಟಿಗೆ. ಷರಿಯಾ ಕಾನೂನನ್ನು ಆಯಾ ರಾಜ್ಯವೇ ಮಾಡುತ್ತದೆ, ಹಾಗಾಗಿ ಸೆಲಾಂಗೋರ್‌ನಲ್ಲಿ ಒಂದು, ಕೆಲಾಂತನ್‌ನಲ್ಲಿ ಇನ್ನೊಂದು. ನಿಮ್ಮ ತಮ್ಮ ಇವತ್ತು ಹಿಂದೂ, ಆ ಕೋರ್ಟಿಗೂ ಅವನಿಗೂ ಸಂಬಂಧವಿಲ್ಲ. ಸೇರಿದ ದಿನದಿಂದ ಸಂಬಂಧ ಶುರು. ಸಿವಿಲ್ ಕಾಯ್ದೆಯಡಿ ಅಲ್ಲಿ ಮುಸ್ಲಿಂ ಹುಡುಗಿಯ ಮದುವೆ ನೋಂದಾಯಿಸಲು ಬರುವುದಿಲ್ಲ. ಇಲ್ಲಿ ನಮ್ಮ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಿ ಹೋದರೂ ಅಲ್ಲಿನ ಷರಿಯಾ ಕೋರ್ಟು ಅವರನ್ನು ಗಂಡ ಹೆಂಡತಿ ಎಂದು ಒಪ್ಪುವುದಿಲ್ಲ. ಮದುವೆಯಾಗದ ಗಂಡು ಹೆಣ್ಣು ಒಂದೇ ಕೋಣೆಯಲ್ಲಿದ್ದರೆ ಅಲ್ಲಿ ‘ಖಲ್ವತ್’ ಎಂಬ ಅಪರಾಧವಿದೆ. ಅದರಡಿ ಕೇಸು ಬೀಳುವುದು ಮುಸ್ಲಿಮರ ಮೇಲೆ ಮಾತ್ರ, ಅಂದರೆ ಆ ಹುಡುಗಿಯ ಮೇಲೆ. ಇದನ್ನು ತಮ್ಮನಿಗೆ ಒತ್ತಿ ಹೇಳಿ.

ವಾಪಸ್ ಬರುವ ವಿಷಯಕ್ಕೆ ಲೀನಾ ಜಾಯ್ ಅವರ ಪ್ರಕರಣ ನೋಡಿ. ಮಲಯ ಮುಸ್ಲಿಂ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು ಕ್ರೈಸ್ತರಾದರು. ಗುರುತಿನ ಚೀಟಿಯಲ್ಲಿ ಹೆಸರು ಬದಲಾಯಿತು, ‘ಇಸ್ಲಾಂ’ ಎಂಬ ಪದ ಮಾತ್ರ ಹಾಗೇ ಉಳಿಯಿತು. ಅದನ್ನು ತೆಗೆಸಲು ವರ್ಷಗಟ್ಟಲೆ ಕೋರ್ಟು ಅಲೆದರು. 2007ರ ಮೇ 30ರಂದು ಅಲ್ಲಿನ ಅತ್ಯುನ್ನತ ಕೋರ್ಟಾದ ಫೆಡರಲ್ ಕೋರ್ಟಿನ ಮೂವರಲ್ಲಿ ಇಬ್ಬರು ನ್ಯಾಯಮೂರ್ತಿಗಳು, ಮೊದಲು ಷರಿಯಾ ಕೋರ್ಟಿನ ಪತ್ರ ತನ್ನಿ ಎಂದರು. ಬಿಟ್ಟು ಹೋಗಬೇಕು ಎನ್ನುವವರು ಬಿಡಬಾರದು ಎನ್ನುವವರ ಬಾಗಿಲಿಗೇ ಹೋಗಿ ಕೇಳಬೇಕು! ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೆ ಇವತ್ತಿಗೂ ದಾರಿ ಅದೇ.

ನಿಮ್ಮ ತಮ್ಮ ಭಾರತದ ಪ್ರಜೆ. ಊರಿಗೆ ಬಂದುಬಿಟ್ಟರೆ ಅಲ್ಲಿನ ಕೋರ್ಟು ಬೆನ್ನಟ್ಟಿ ಬರುವುದಿಲ್ಲ. ಹೆಂಡತಿ, ಮಕ್ಕಳು, ಅಲ್ಲಿ ಕೊಂಡ ಫ್ಲ್ಯಾಟು? ಮುಸ್ಲಿಂ ಆಗಿ ತೀರಿಕೊಂಡವರ ಆಸ್ತಿಯಲ್ಲಿ ಹಿಂದೂ ತಾಯಿಗೆ ಪಾಲು ಬರುವುದಿಲ್ಲ; ಉಯಿಲು ಬರೆದರೂ ಮೂರನೇ ಒಂದು ಭಾಗದವರೆಗೆ ಮಾತ್ರ. 1997ರ ಎವರೆಸ್ಟ್ ತಂಡದಲ್ಲಿದ್ದ ಯೋಧ ಎಂ. ಮೂರ್ತಿ 2005ರ ಡಿಸೆಂಬರಿನಲ್ಲಿ ತೀರಿಕೊಂಡಾಗ, ಅವರು ಮತಾಂತರವಾಗಿದ್ದರು ಎಂದು ಷರಿಯಾ ಕೋರ್ಟು ಹೇಳಿತು. ಹೆಂಡತಿ, ನನಗೆ ಗೊತ್ತೇ ಇಲ್ಲ, ಅವರು ಹಿಂದೂವಾಗಿಯೇ ಬದುಕಿದ್ದರು ಎಂದರು. ಹೈಕೋರ್ಟು, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಕೈಬಿಟ್ಟಿತು. ಷರಿಯಾ ಕೋರ್ಟಿಗೆ ಹೋಗೋಣವೆಂದರೆ ಆಕೆ ಮುಸ್ಲಿಂ ಅಲ್ಲ. ಶವವನ್ನು ಮುಸ್ಲಿಂ ವಿಧಿಯಂತೆ ದಫನ್ ಮಾಡಿದರು.

ತಮ್ಮನಿಗೆ ನಿಜವಾಗಿ ನಂಬಿಕೆ ಬಂದು ಸೇರುವುದಾದರೆ ಅದು ಅವನ ಹಕ್ಕು, ಅಮ್ಮನಿಗೂ ಸಮಾಧಾನ ಹೇಳಿ. ಬರೀ ಪೇಪರ್‌ಗಾಗಿ ಬೇಡ. ಸಹಿ ಹಾಕುವ ಮೊದಲು ಅಲ್ಲಿ ಒಬ್ಬ ಸಿವಿಲ್ ವಕೀಲರನ್ನೂ ಒಬ್ಬ ಷರಿಯಾ ವಕೀಲರನ್ನೂ, ಇಬ್ಬರನ್ನೂ, ಹುಡುಗಿಯ ಜೊತೆ ಹೋಗಿ ಕಾಣಲಿ.

ಪ್ರಶ್ನೆ: ಇಂದಿರಾ ಗಾಂಧಿ ಎಂಬ ಮಲೇಷ್ಯಾದ ತಾಯಿಯ ಕಥೆ ಓದಿ ಬೇಜಾರಾಯಿತು. ಕೋರ್ಟಿನಲ್ಲಿ ಗೆದ್ದರೂ ಮಗು ಸಿಗಲಿಲ್ಲವಂತೆ. ಹೀಗೂ ಆಗುತ್ತಾ?

ಉತ್ತರ: ಆಗಿದೆ. ಇಂದಿರಾ ಗಾಂಧಿ ಇಪೋ ನಗರದ ಶಿಶುವಿಹಾರದ ಟೀಚರ್. 2009ರಲ್ಲಿ ಗಂಡ ಮುಸ್ಲಿಂ ಆದರು. ಮೂವರು ಮಕ್ಕಳನ್ನೂ ಅಮ್ಮನಿಗೆ ಹೇಳದೆ ಮತಾಂತರ ಮಾಡಿಸಿದರು. ಮಕ್ಕಳು ಅಲ್ಲಿ ಹಾಜರಿರಲೂ ಇಲ್ಲ, ಜನನ ಪ್ರಮಾಣಪತ್ರ ತೋರಿಸಿದ್ದೇ ಸಾಕಾಯಿತು. 11 ತಿಂಗಳ ಕೊನೆಯ ಮಗಳನ್ನು ಎತ್ತಿಕೊಂಡು ಹೋದರು. ಷರಿಯಾ ಕೋರ್ಟು ಮಕ್ಕಳನ್ನು ಅಪ್ಪನಿಗೆ ಕೊಟ್ಟಿತು, ಸಿವಿಲ್ ಕೋರ್ಟು ಅಮ್ಮನಿಗೆ ಕೊಟ್ಟಿತು. ಪೊಲೀಸರು ಯಾವ ಆದೇಶ ಪಾಲಿಸುವುದು ಎಂದು ಕೈಕಟ್ಟಿ ಕೂತರು.

ಇದರ ಬೇರು ತುಂಬ ಹಳೆಯದು. 1874ರಲ್ಲಿ ಪಂಗ್ಕೋರ್ ದ್ವೀಪದಲ್ಲಿ ಬ್ರಿಟಿಷರು ಪೆರಾಕ್ ರಾಜ್ಯದ ಮುಖಂಡರ ಜೊತೆ ಒಪ್ಪಂದ ಮಾಡಿಕೊಂಡರು. ಎಲ್ಲ ವಿಷಯದಲ್ಲೂ ಸುಲ್ತಾನ ಬ್ರಿಟಿಷ್ ರೆಸಿಡೆಂಟನ ಮಾತು ಕೇಳಬೇಕು, ಮಲಯರ ಧರ್ಮ ಮತ್ತು ಪದ್ಧತಿ ಮಾತ್ರ ಹೊರತು. ಖಜಾನೆ ಹೋಯಿತು, ತೆರಿಗೆ ಹೋಯಿತು. ಕೈಯಲ್ಲಿ ಉಳಿದದ್ದು ಧರ್ಮವೊಂದೇ. ಅತ್ತ ತವರದ ಗಣಿಗೆ ಚೀನಿಯರು, ರಬ್ಬರ್ ತೋಟಕ್ಕೆ ತಮಿಳರು ಬಂದು ತುಂಬಿದರು. ಮಲಯರಿಗೆ ತಮ್ಮ ನೆಲದಲ್ಲೇ ತಾವು ಕಡಿಮೆಯಾಗಿಬಿಡುತ್ತೇವೆ ಎಂಬ ಭಯ ಹುಟ್ಟಿತು. ಸ್ವಾತಂತ್ರ್ಯದ ಸಂವಿಧಾನ ಆ ಭಯವನ್ನು ಹಾಗೇ ಬರೆದಿಟ್ಟಿತು: ಮಲಯ ಎಂದರೆ ಇಸ್ಲಾಂ ಪಾಲಿಸುವವನು, ಮಲಯ ಮಾತಾಡುವವನು, ಮಲಯ ಪದ್ಧತಿಯಂತೆ ನಡೆಯುವವನು. ಹಾಗಾಗಿ ಧರ್ಮ ಬಿಟ್ಟವರು ಕುಲವನ್ನೂ ಬಿಟ್ಟ ಹಾಗೆ. 2020ರ ಜನಗಣತಿಯಲ್ಲಿ ಮುಸ್ಲಿಮರು 63.5 ಶೇಕಡಾ ಇದ್ದಾರೆ, ಆದರೂ ಆ ಭಯ ಹೋಗಿಲ್ಲ. ಅದನ್ನು ಸುಮ್ನೆ ‘ಮತಾಂಧತೆ’ ಎಂದು ತಳ್ಳಿಹಾಕಿದರೆ ಆ ದೇಶ ಅರ್ಥವಾಗುವುದಿಲ್ಲ.

1988ರಲ್ಲಿ ಸಂವಿಧಾನಕ್ಕೆ 121(1ಎ) ಎಂಬ ಕಲಮು ಸೇರಿತು: ಷರಿಯಾ ಕೋರ್ಟಿನ ವ್ಯಾಪ್ತಿಯ ವಿಷಯಕ್ಕೆ ಹೈಕೋರ್ಟು ಕೈಹಾಕುವಂತಿಲ್ಲ. ಇಬ್ಬರೂ ಮುಸ್ಲಿಮರಾಗಿದ್ದರೆ ತೊಂದರೆಯಿಲ್ಲ. ಒಬ್ಬರು ಮುಸ್ಲಿಂ, ಇನ್ನೊಬ್ಬರು ಅಲ್ಲ ಅಂದಾಗ ಆ ಇನ್ನೊಬ್ಬರಿಗೆ ಯಾವ ಬಾಗಿಲೂ ಇಲ್ಲದಂತಾಯಿತು. ನನಗೆ ಸಿಟ್ಟು ಬರುವುದು ಇಲ್ಲೇ. ಷರಿಯಾ ಇರುವುದಕ್ಕಲ್ಲ, ಎರಡು ಕೋರ್ಟುಗಳ ನಡುವೆ ಬಿದ್ದವರನ್ನು ಎತ್ತಿಕೊಳ್ಳಲು ಯಾರನ್ನೂ ಇಡದಿದ್ದಕ್ಕೆ.

2018ರ ಜನವರಿ 29ರಂದು ಫೆಡರಲ್ ಕೋರ್ಟಿನ ಐವರೂ ಇಂದಿರಾ ಅವರ ಪರ ನಿಂತರು. ಮಕ್ಕಳ ಮತಾಂತರಕ್ಕೆ ಅಪ್ಪ ಅಮ್ಮ ಇಬ್ಬರ ಒಪ್ಪಿಗೆಯೂ ಬೇಕು, ಸರಕಾರಿ ಅಧಿಕಾರಿಯ ಕೆಲಸ ಕಾನೂನಿಗೆ ಸರಿಯೇ ಎಂದು ನೋಡುವ ಅಧಿಕಾರ ಸಿವಿಲ್ ಕೋರ್ಟಿನದು, ಅದು ಸಂವಿಧಾನದ ಮೂಲ ರಚನೆಯ, ಅಂದರೆ ಸಂಸತ್ತೂ ಕಿತ್ತುಹಾಕಲಾಗದ ಅಡಿಪಾಯದ, ಭಾಗ ಎಂದರು. ಈ ಮೂಲ ರಚನೆಯ ತತ್ವ ನಮ್ಮ ಸುಪ್ರೀಂ ಕೋರ್ಟಿನ 1973ರ ಕೇಶವಾನಂದ ಭಾರತಿ ತೀರ್ಪಿನದು. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಜಮೀನಿನ ವಿಷಯಕ್ಕೆ ಹಾಕಿದ ಕೇಸು, ಮಲೇಷ್ಯಾದ ಒಬ್ಬ ತಾಯಿಗೆ ಆಸರೆಯಾಯಿತು. ಎಡನೀರಿನ ಹತ್ತಿರದವನಾದ ನನಗೆ ಇದರಲ್ಲಿ ಸ್ವಲ್ಪ ಹೆಮ್ಮೆ ಜಾಸ್ತಿಯೇ.

ಆದರೆ ಗಂಡ ನಾಪತ್ತೆ. ಹಿಡಿಯಿರಿ ಎಂದು ಫೆಡರಲ್ ಕೋರ್ಟು 2016ರಲ್ಲೇ ಪೊಲೀಸ್ ಮುಖ್ಯಸ್ಥರಿಗೆ ಹೇಳಿತ್ತು. ತೀರ್ಪು ಬಂದು ವರ್ಷಗಳು ಕಳೆದರೂ ಮಗಳು ಅಮ್ಮನ ಕೈ ಸೇರಲಿಲ್ಲ. ಇದಕ್ಕೆ ಕಾನೂನನ್ನು ದೂರಿ ಪ್ರಯೋಜನವಿಲ್ಲ, ಹುಡುಕಲೇಬೇಕು ಎಂಬ ಮನಸ್ಸು ಅಧಿಕಾರದಲ್ಲಿದ್ದವರಿಗೆ ಇರಲಿಲ್ಲ.

ಪ್ರಶ್ನೆ: 2024ರಲ್ಲಿ ಕೆಲಾಂತನ್‌ನ ಷರಿಯಾ ಕಾನೂನು ರದ್ದಾಯಿತಂತೆ. ಅಂದರೆ ಅಲ್ಲಿ ಷರಿಯಾವೇ ಹೋಯಿತಾ?

ಉತ್ತರ: ಇಲ್ಲ. ಆ ಫೆಬ್ರವರಿ 9ರಂದು ಫೆಡರಲ್ ಕೋರ್ಟಿನ 9 ನ್ಯಾಯಮೂರ್ತಿಗಳಲ್ಲಿ 8 ಮಂದಿ, ಕೆಲಾಂತನ್ ಕಾಯ್ದೆಯ 16 ಕಲಮುಗಳನ್ನು ರದ್ದು ಮಾಡಿದರು ಅಷ್ಟೇ. ಅವು ಕೇಂದ್ರದ ಅಧಿಕಾರದಲ್ಲಿರುವ ಅಪರಾಧಗಳು, ರಾಜ್ಯ ಅದಕ್ಕೆ ಕಾನೂನು ಮಾಡುವಂತಿಲ್ಲ ಎಂಬುದು ಕಾರಣ. ಆಗಿನ ಮುಖ್ಯ ನ್ಯಾಯಮೂರ್ತಿ ತೆಂಕು ಮೈಮುನ್ ಸ್ವತಃ ಮುಸ್ಲಿಂ ಮಹಿಳೆ. ಕೇಸು ಹಾಕಿದ ವಕೀಲೆ ನಿಕ್ ಎಲಿನ್ ಮತ್ತು ಅವರ ಮಗಳು ಕೂಡ ಮುಸ್ಲಿಮರೇ. ಕೋರ್ಟಿನ ಹೊರಗೆ ಇಸ್ಲಾಮಿಕ್ ಪಕ್ಷ ಪಾಸ್‌ನ ಬೆಂಬಲಿಗರು ಸೇರಿ ಪ್ರಾರ್ಥನೆ ಮಾಡಿದರು. ಷರಿಯಾ ಕೋರ್ಟುಗಳು ಮೊದಲಿನಂತೆಯೇ ನಡೆಯುತ್ತಿವೆ. ಅವು ಕೊಡಬಹುದಾದ ಗರಿಷ್ಠ ಶಿಕ್ಷೆಗೆ ಸಂಸತ್ತಿನ ಕಾಯ್ದೆಯೇ ಮಿತಿ ಹಾಕಿದೆ: 3 ವರ್ಷ ಜೈಲು, 5,000 ರಿಂಗಿಟ್ ದಂಡ, 6 ಛಡಿಯೇಟು. ರದ್ದಾದ ಕಲಮುಗಳಲ್ಲಿದ್ದ ಹಲವು ಅಪರಾಧಗಳಿಗೆ ದೇಶದ ದಂಡ ಸಂಹಿತೆಯಲ್ಲಿ ಆಗಲೇ ಶಿಕ್ಷೆಯಿದೆ. ಅವನ್ನು ಪೊಲೀಸರು ತನಿಖೆ ಮಾಡುತ್ತಾರೆ, ಮಾಮೂಲಿ ಕೋರ್ಟು ವಿಚಾರಿಸುತ್ತದೆ, ಯಾವ ಧರ್ಮದವರಾದರೂ.