ಹಳೆಯ ಎಂಜಿಬಿಗೆ ಹೊಸ ಟರ್ಬೊ ಎಂಜಿನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಕಾಕಾ ಅವರಿಂದ ಬಂದ 1966ರ ಎಂಜಿಬಿ, ಎರಡು ಸೀಟಿನ ಸ್ಪೋರ್ಟ್ಸ್ ಕಾರು, ನನ್ನ ಬಳಿ ಇದೆ. ಬಾಡಿ ಗಟ್ಟಿಯಾಗಿದೆ, ಕಾಗದಪತ್ರಗಳು ಸರಿಯಾಗಿವೆ. ಆದರೆ ಎಂಜಿನ್ ಆಯಿಲ್ ಸುಡುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜೊಂದರಲ್ಲಿ ಅಪಘಾತವಾದ ಫೋರ್ಡ್ ಇಕೋಸ್ಪೋರ್ಟ್‌ನ 1.0 ಲೀಟರ್ ಇಕೋಬೂಸ್ಟ್ ಟರ್ಬೊ ಎಂಜಿನ್ ಸಿಗುತ್ತಿದೆ. ಹಳೆಯದಕ್ಕಿಂತ ಹಗುರ, ಶಕ್ತಿಯೂ ಹೆಚ್ಚು ಎಂದು ಅಲ್ಲಿಯ ಮಿಸ್ತ್ರಿ ಹೇಳುತ್ತಾರೆ. ಕೂರಿಸಬಹುದೇ?
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಮಿಸ್ತ್ರಿಯವರು ಹೇಳಿದ ಎರಡೂ ಮಾತು ನಿಜ. ಎಂಜಿಬಿಯ 1,798 ಸಿಸಿ ಎಂಜಿನ್ನಿನ ಬ್ಲಾಕ್ ಮತ್ತು ಹೆಡ್ ಎರಡೂ ಎರಕದ ಕಬ್ಬಿಣದವು; ಪೂರ್ತಿ ಜೋಡಿಸಿದಾಗ ಅದರ ತೂಕ 150 ಕಿಲೋ ದಾಟುತ್ತದೆ, ಶಕ್ತಿ ಸುಮಾರು 95 ಅಶ್ವಶಕ್ತಿ. ಮೂರು ಸಿಲಿಂಡರಿನ ಇಕೋಬೂಸ್ಟ್‌ನ ಬ್ಲಾಕ್ ಕೂಡ ಕಬ್ಬಿಣದ್ದೇ ಆದರೂ ಎಂಜಿನ್ 97 ಕಿಲೋ ಮಾತ್ರ ತೂಗುತ್ತದೆ. ಇಕೋಸ್ಪೋರ್ಟ್‌ನಲ್ಲಿ ಅದು 125 ಅಶ್ವಶಕ್ತಿಯನ್ನೂ 170 ನ್ಯೂಟನ್ ಮೀಟರ್ ಟಾರ್ಕನ್ನೂ (ತಿರುಗಿಸುವ ಬಲ) ಕೊಡುತ್ತಿತ್ತು. ಎಂಜಿಬಿಯ ಮೂಲ ಟಾರ್ಕ್ 149 ನ್ಯೂಟನ್ ಮೀಟರ್ ಆಸುಪಾಸಿನದಾದ್ದರಿಂದ ಹಿಂದಿನ ಆ್ಯಕ್ಸಲ್ ಈ ಹೆಚ್ಚಳವನ್ನು ತಡೆದುಕೊಳ್ಳುತ್ತದೆ. ಇಷ್ಟಾದರೂ ನಿಮ್ಮ ಕಾರಿಗೆ ಈ ಎಂಜಿನ್ ಬೇಡ ಎಂಬುದೇ ನಮ್ಮ ಸಲಹೆ.

ಮೊದಲ ಅಡ್ಡಿ ಗೇರ್‌ಬಾಕ್ಸ್. ಇಕೋಸ್ಪೋರ್ಟ್‌ನ ಎಂಜಿನ್ ಬಾನೆಟ್ಟಿನ ಕೆಳಗೆ ಅಡ್ಡಲಾಗಿ ಕೂರುತ್ತದೆ, ಅದರ ಗೇರ್‌ಬಾಕ್ಸ್ ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಹಿಂದಿನ ಚಕ್ರಗಳಿಂದ ಓಡುವ ಎಂಜಿಬಿಯಲ್ಲಿ ಅದಕ್ಕೆ ಕೆಲಸವಿಲ್ಲ. ಎಂಜಿಬಿಯ ಮೂಲ ಗೇರ್‌ಬಾಕ್ಸನ್ನೇ ಉಳಿಸಿಕೊಳ್ಳೋಣವೆಂದರೆ ಅದರ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿ ಎಂಜಿನ್ನಿಗೆ ಸೇರುವ ಭಾಗ) ಗೇರ್‌ಬಾಕ್ಸಿನ ಕವಚದೊಡನೆ ಒಂದೇ ಎರಕದಲ್ಲಿ ಬಂದಿರುತ್ತದೆಯಾದ್ದರಿಂದ ಅದನ್ನಷ್ಟೇ ಬಿಚ್ಚಿ ಬೇರೆಯದನ್ನು ಹಾಕಲಾಗದು, ನಡುವೆ ಅಡಾಪ್ಟರ್ ಪ್ಲೇಟ್ ಮಾಡಿಸಲೇಬೇಕು. ಹುಬ್ಬಳ್ಳಿಯ ಲೇಥ್ ಕೆಲಸಗಾರರಿಗೆ ಪ್ಲೇಟ್ ಕೊರೆಯುವುದು ದೊಡ್ಡ ಮಾತಲ್ಲ. ಆದರೆ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ಶಾಫ್ಟಿನ) ಮಧ್ಯಕ್ಕೂ ಗೇರ್‌ಬಾಕ್ಸ್ ಶಾಫ್ಟಿನ ಮಧ್ಯಕ್ಕೂ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚಿನ ವ್ಯತ್ಯಾಸ ಬಂದರೆ ಕ್ಲಚ್ಚೂ ಬೇರಿಂಗೂ ಬೇಗ ಹಾಳಾಗುತ್ತವೆ. ಶಾಫ್ಟಿನ ತುದಿಗೆ ಆಧಾರ ಕೊಡುವ ಪೈಲಟ್ ಬೇರಿಂಗಿಗೆ ಇಂಥ ಅಡ್ಡ ಎಂಜಿನ್‌ಗಳ ಕ್ರ್ಯಾಂಕಿನಲ್ಲಿ ಸಾಮಾನ್ಯವಾಗಿ ಜಾಗವನ್ನೇ ಬಿಟ್ಟಿರುವುದಿಲ್ಲ, ಅದಕ್ಕೂ ಒಂದು ಬುಷ್ ಮಾಡಿಸಬೇಕಾಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವುದು 1966ರ ಅದೇ ನಾಲ್ಕು ಗೇರಿನ ಪೆಟ್ಟಿಗೆ: ಮೊದಲ ಗೇರಿಗೆ ಸಿಂಕ್ರೊ (ಗೇರು ಸಲೀಸಾಗಿ ಬೀಳಿಸುವ ವ್ಯವಸ್ಥೆ) ಇಲ್ಲ, ಓವರ್‌ಡ್ರೈವ್ (ಎಂಜಿನ್ ಸುತ್ತು ತಗ್ಗಿಸುವ ಹೆಚ್ಚುವರಿ ಗೇರು) ಇರದಿದ್ದರೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 3,500 ಸುತ್ತಿನ ಹತ್ತಿರ ಓಡುತ್ತಲೇ ಇರುತ್ತದೆ.

ಎರಡನೆಯದು ಜಾಗ. ಎಂಜಿಬಿಯ ಮುಂದಿನ ಕ್ರಾಸ್‌ಮೆಂಬರ್ (ಅಡ್ಡ ತೊಲೆ) ಎಂಜಿನ್ನಿನ ಆಯಿಲ್ ಸಂಪಿನ (ತಳದ ಆಯಿಲ್ ತೊಟ್ಟಿಯ) ಕೆಳಗೇ ಹಾದುಹೋಗುತ್ತದೆ. ಬೇರೆ ಎಂಜಿನ್ ಕೂರಿಸುವಾಗ ಸಂಪನ್ನು ಕತ್ತರಿಸಿ ಮರುವೆಲ್ಡ್ ಮಾಡಿಸಬೇಕು, ಒಳಗಿನ ಆಯಿಲ್ ಹೀರುವ ಕೊಳವೆಯನ್ನೂ ಸರಿಸಬೇಕು. ಈ ಕೆಲಸದಲ್ಲಿ ತಪ್ಪಾದರೆ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದ ಕ್ಷಣ ಬೇರಿಂಗ್‌ಗಳು ಒಣಗುತ್ತವೆ. ಇಕೋಬೂಸ್ಟ್‌ನ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಓಡುವಂಥದ್ದು. ಅದು ಸವೆದಾಗ ಉದುರುವ ಚೂರುಗಳು ಆ ಕೊಳವೆಯ ಜಾಲರಿಯನ್ನೇ ಕಟ್ಟುತ್ತವೆ. ಆದ್ದರಿಂದ ಅಪಘಾತದ ಗಾಡಿಯಿಂದ ಬಿಚ್ಚಿದ, ಸರ್ವಿಸ್ ದಾಖಲೆಯಿಲ್ಲದ ಇಕೋಬೂಸ್ಟ್ ಎಂಜಿನ್ನನ್ನು ಯಾವ ಕಾರಿಗೇ ಆಗಲಿ ಕೊಳ್ಳುವವರು ಸಂಪ್ ಬಿಚ್ಚಿಸಿ ನೋಡಿಯೇ ಹಣ ಕೊಡಬೇಕು. ಎಂಜಿಬಿಯ ಕಾರ್ಬುರೇಟರುಗಳೂ ಎಕ್ಸಾಸ್ಟೂ ಎಡಗಡೆಯೇ ಇರುವುದರಿಂದ ಬಲಗಡೆಯ ಸ್ಟಿಯರಿಂಗ್ ಶಾಫ್ಟಿಗೆ ಬಿಸಿ ತಾಕುವುದಿಲ್ಲ. ಹೊಸ ಎಂಜಿನ್ನಿನ ಟರ್ಬೊ ಬಲಕ್ಕೆ ಬಂದರೆ ಕೆಂಪಗೆ ಕಾಯುವ ಆ ಭಾಗ ಸ್ಟಿಯರಿಂಗಿನ ಮಗ್ಗುಲಿಗೇ ಬರುತ್ತದೆ.

ವಿದ್ಯುತ್ ಮತ್ತು ಇಂಧನದ ಕಡೆಯೂ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. 1966ರ ಎಂಜಿಬಿಯಲ್ಲಿ ಆಲ್ಟರ್ನೇಟರ್ ಬದಲು ಡೈನಮೊ ಇರುತ್ತದೆ, ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ. ಇಕೋಬೂಸ್ಟ್ ಸಿಲಿಂಡರಿನೊಳಕ್ಕೇ ಅಧಿಕ ಒತ್ತಡದಲ್ಲಿ ಪೆಟ್ರೋಲ್ ಸಿಂಪಡಿಸುವ ಎಂಜಿನ್. ಕೀಲಿಯ ಚಿಪ್, ಆಕ್ಸಿಲರೇಟರ್ ಪೆಡಲ್, ಗಾಡಿಯ ಇತರ ಕಂಪ್ಯೂಟರ್‌ಗಳು ಇವುಗಳಿಂದ ಸಂದೇಶ ಬರದಿದ್ದರೆ ಅದರ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪೂರ್ಣ ಶಕ್ತಿ ಬಿಡುವುದಿಲ್ಲ, ಕೆಲವೊಮ್ಮೆ ಸ್ಟಾರ್ಟ್ ಆಗಲೂ ಬಿಡುವುದಿಲ್ಲ. ಇದರ ಮೇಲೆ ಇಂಟರ್‌ಕೂಲರ್ (ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಸಾಧನ), ದೊಡ್ಡ ರೇಡಿಯೇಟರ್, ಕೊಳವೆಗಳು, ಅಡಾಪ್ಟರ್ ಪ್ಲೇಟ್ ಸೇರಿದರೆ ತೂಕದ ಲಾಭದಲ್ಲಿ ಒಂದಷ್ಟು ಅಲ್ಲೇ ಕರಗುತ್ತದೆ. ಎಂಜಿನ್ ಮಾರುವವರು ಹೇಳುವ ತೂಕದಲ್ಲಿ ಇವು ಯಾವುವೂ ಸೇರಿರುವುದಿಲ್ಲ.

ಇವೆಲ್ಲ ಹಣ ಮತ್ತು ತಾಳ್ಮೆಯಿಂದ ಬಗೆಹರಿಯುವ ತೊಡಕುಗಳೇ. ಬಗೆಹರಿಯದಿರುವುದು ನೋಂದಣಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಆರ್‌ಸಿಯಲ್ಲಿ ಎಂಜಿನ್ ನಂಬರೂ ಸಿಸಿಯೂ ಇರುತ್ತವೆ, ಅವು ತಾಳೆಯಾಗದಿದ್ದರೆ ಅಪಘಾತವಾದ ದಿನ ವಿಮೆಯೂ ಕೈಗೆ ಹತ್ತುವುದಿಲ್ಲ. ನಿಮ್ಮ ವಿಷಯದಲ್ಲಿ ಇನ್ನೊಂದು ನಷ್ಟವಿದೆ. 2021ರಲ್ಲಿ ಜಾರಿಗೆ ಬಂದ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಕಾಣದೆ ಮೂಲರೂಪದಲ್ಲಿ ಉಳಿದ ಕಾರು ವಿಂಟೇಜ್ ವಾಹನವೆನಿಸಿಕೊಳ್ಳುತ್ತದೆ. ಈಗಾಗಲೇ ನೋಂದಣಿಯಾಗಿರುವ ಕಾರು ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆ ನೋಂದಣಿಯಲ್ಲಿ ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ ಎಂಬುದು ನಿಜ, ಆದರೆ ಇಕೋಬೂಸ್ಟ್ ಕೂರಿಸಿದ ದಿನ ಆ ಅರ್ಹತೆಯೇ ಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? ಎಂಜಿನ್ ಬಿಚ್ಚಿಸುವ ಮುನ್ನ ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ನೋಡಿಸಿ. ಬಿಸಿಯಾಗಿ ಓಡುವಾಗ ಆಯಿಲ್ ಒತ್ತಡ 50ರಿಂದ 80 ಪಿಎಸ್ಐ ಇದ್ದರೆ ಎಂಜಿನ್ನಿನ ಕೆಳಭಾಗ (ಕ್ರ್ಯಾಂಕ್, ಬೇರಿಂಗ್) ಬಹುಶಃ ಚೆನ್ನಾಗಿಯೇ ಇದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬರುತ್ತಿದ್ದರೆ ದೋಷ ಪಿಸ್ಟನ್ ರಿಂಗಿನದಲ್ಲ, ವಾಲ್ವ್ ಗೈಡಿನದು. ಏರಿನಲ್ಲಿ ಎಳೆಯದಿರುವುದಕ್ಕೆ ಹಲವು ಸಲ ಕಾರಣವಾಗುವುದು ಡಿಸ್ಟ್ರಿಬ್ಯೂಟರಿನೊಳಗೆ ಅಂಟಿಕೊಂಡ ಅಡ್ವಾನ್ಸ್ ತೂಕಗಳು (ವೇಗಕ್ಕೆ ತಕ್ಕಂತೆ ಕಿಡಿಯ ಸಮಯ ಸರಿಸುವ ಭಾಗಗಳು), ಇಲ್ಲವೇ ಎಸ್‌ಯು ಕಾರ್ಬುರೇಟರಿನ ಡ್ಯಾಶ್‌ಪಾಟಿನಲ್ಲಿ (ಮೇಲ್ಭಾಗದ ಆಯಿಲ್ ಕೊಳವೆಯಲ್ಲಿ) ಆಯಿಲ್ ಇಲ್ಲದಿರುವುದು. ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ವಾಲ್ವ್‌ಗಳಿಗೆ ಗಟ್ಟಿ ಸೀಟ್ ಹಾಕಿಸಿ, ಏಕೆಂದರೆ ಸೀಸವಿರುವ ಪೆಟ್ರೋಲ್ ನಮ್ಮಲ್ಲಿ 2000ದಲ್ಲೇ ನಿಂತಿತು, ಮೂಲ ಹೆಡ್ ಅದನ್ನು ನಂಬಿ ಮಾಡಿದ್ದು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಯುವುದರಿಂದ ಇಂಧನದ ರಬ್ಬರ್ ಪೈಪುಗಳನ್ನೂ ಬದಲಿಸಿ. ಬಿಡಿಭಾಗಗಳು ಇಂಗ್ಲೆಂಡಿನಿಂದ ಇಂದಿಗೂ ಬರುತ್ತವೆ. ಕೈಯಲ್ಲಿ ಇನ್ನಷ್ಟು ಹಣವಿದ್ದರೆ ಅದೇ ಮಾದರಿಯ ಓವರ್‌ಡ್ರೈವ್ ಗೇರ್‌ಬಾಕ್ಸ್ ಹುಡುಕಿ; ಅದು ಆ ಕಾಲದಲ್ಲಿ ಕಂಪನಿಯೇ ಕೊಡುತ್ತಿದ್ದ ಸೌಲಭ್ಯ.

ಪ್ರಶ್ನೆ: ಹಗುರ ಎಂಜಿನ್ ಕೂರಿಸಿದ ಮೇಲೆ ಮುಂದಿನ ಸ್ಪ್ರಿಂಗ್, ಬ್ರೇಕ್ ಹಾಗೆಯೇ ಬಿಡಬಹುದೇ?
– ಮೋಟಾರು ಮೆಕ್ಯಾನಿಕ್, ಗದಗ

ಉತ್ತರ: ಬಿಡಬಾರದು. ಮೂತಿಯ ಮೇಲಿನ ಭಾರ 40–50 ಕಿಲೋ ಇಳಿದರೆ ಕಾರಿನ ಮುಂಭಾಗ ಮೇಲೇಳುತ್ತದೆ, ಚಕ್ರಗಳ ಅಲೈನ್‌ಮೆಂಟ್ ಬದಲಾಗುತ್ತದೆ. ಆದ್ದರಿಂದ ನಾಲ್ಕೂ ಚಕ್ರಗಳ ತೂಕ ನೋಡಿ ಸ್ಪ್ರಿಂಗ್ ಆರಿಸಬೇಕು. ಬ್ರೇಕಿಗೆ ವ್ಯಾಕ್ಯೂಮ್ ಸರ್ವೊ (ಎಂಜಿನ್ನಿನ ನಿರ್ವಾತದಿಂದ ಬ್ರೇಕಿಗೆ ನೆರವಾಗುವ ಸಾಧನ) ಇದ್ದರೆ ಒಂದನ್ನು ಮರೆಯಬೇಡಿ: ಟರ್ಬೊ ಒತ್ತಡ ಕೊಡುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ನಿರ್ವಾತವೇ ಇರುವುದಿಲ್ಲ, ಹಾಗಾಗಿ ಪೈಪಿನಲ್ಲಿ ಒಳ್ಳೆಯ ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಇರಲೇಬೇಕು.

ಪ್ರಶ್ನೆ: ನನ್ನ ಬಳಿ ಸ್ಯಾನ್ ಸ್ಟಾರ್ಮ್ ಇದೆ. ಅದಕ್ಕೆ ಟರ್ಬೊ ಎಂಜಿನ್ ಹಾಕಿಸುವುದು ಸುಲಭವೇ?
– ಓದುಗರು, ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಗೋವಾದಲ್ಲಿ ತಯಾರಾಗುತ್ತಿದ್ದ ಈ ಫೈಬರ್ ಬಾಡಿಯ ಕಾರಿನಲ್ಲಿ ರೆನೋದ 1,149 ಸಿಸಿ ಎಂಜಿನ್ ಅಡ್ಡಲಾಗಿ ಕೂತು ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ. ಹಾಗಾಗಿ ಇಂದಿನ ಎಂಜಿನ್ನನ್ನು ಅದರದೇ ಗೇರ್‌ಬಾಕ್ಸಿನೊಡನೆ ಒಟ್ಟಿಗೆ ಕೂರಿಸಬಹುದು. ಯಂತ್ರದ ದೃಷ್ಟಿಯಿಂದ ಎಂಜಿಬಿಗಿಂತ ಸುಲಭ. ಆದರೆ ಈಗಿರುವ ಎಂಜಿನ್ನೇ ಚಿಕ್ಕದು, ತೂಕದಲ್ಲಿ ಉಳಿತಾಯವಾಗುವ ಬದಲು ಮೂತಿ ಭಾರವಾಗುವ ಸಂಭವವೇ ಹೆಚ್ಚು. 52ನೇ ಕಲಮು ನಿಮಗೂ ಅನ್ವಯಿಸುತ್ತದೆ. ಈಗಿರುವ ಎಂಜಿನ್ ಪೂರ್ತಿ ಸವೆದಿದ್ದರೆ ಅದೇ ಮಾದರಿಯ ಇನ್ನೊಂದನ್ನು ಹುಡುಕಿ, ಕೂರಿಸುವ ಮೊದಲೇ ಆರ್‌ಟಿಒ ಕಚೇರಿಯ ಅನುಮತಿ ಪಡೆದು, ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳಿ.